ಕರಿ ತಂತಿ

ಶುಕ್ರವಾರ. ಸೂರ್ ಮೀನು ಮಾರ್ಕೆಟ್ಟಿನ ಹಿಂಬದಿ
ಹನ್ನೆರಡೂವರೆಯ ಬಿಸಿಲು. ಪಿಕಪ್ಪಿನ ಬಾನೆಟ್ ಮುಟ್ಟಿದರೆ
ಬೆರಳಿನ ಗೆರೆ ಬೆರಳಲ್ಲಿ ಉಳಿಯದು.
ಕೀಲಿಯನ್ನು ನನ್ನ ಅಂಗೈಗೆ ಹಾಕಿ
ಖಲ್ಫಾನ್ ನಮಾಜಿಗೆ ನಡೆದ.
ಹಿಂದೆ ಹದಿನಾರು ಅಂಜಲ್, ಎರಡು ಪೆಟ್ಟಿಗೆ ಐಸು.
ತೊಟ್ ತೊಟ್ ಹನಿಯುತ್ತಿದೆ,
ಬಿದ್ದದ್ದು ಬಿದ್ದಲ್ಲೇ ಮಾಯ.

ಹೋಗುವ ಮುಂಚೆ ಕೇಳಿದ್ದೆ, ಅರ್ಧ ಹಿಂದಿ ಅರ್ಧ ಅರಬಿ:
ಮೊನ್ನೆ ಹೇಗಿತ್ತು?
ಒಮ್ಮೆ ಮುನಿಸಿತು, ಆಮೇಲೆ ಹೊರಟಿತು.
ನಿನ್ನೆ?
ನಾಲ್ಕು ಜನ ದೂಡಿದರು. ಹೊರಟಿತು.
ಇವತ್ತು?
ಇವತ್ತು ದೂಡುವವರೆಲ್ಲ ಮಸೀದಿಯಲ್ಲಿ.

ದೂಡಿದರೆ ಹೊರಡುವುದಾದರೆ
ಪೆಟ್ರೋಲಿನ ತಪ್ಪಿಲ್ಲ, ಕಿಡಿಯ ತಪ್ಪಿಲ್ಲ,
ಇಂಜಿನ್ನಿಗೆ ಓಡುವ ಮನಸ್ಸಿದೆ.
ಎಬ್ಬಿಸುವ ಕೈಯಲ್ಲೇ ಎಲ್ಲೋ ಸೋಲು.

ಕೀಲಿ ತಿರುಗಿಸಿದೆ.
ಟಕ್.
ಮತ್ತೆ ಟಕ್.
ಅಷ್ಟೆ.

ಟಕಟಕಟಕ ಎಂದರೆ ಬ್ಯಾಟರಿ ಬಡವಾಗಿದೆ,
ಗುಂಯ್ ಎಂದು ಬರೀ ತಿರುಗಿದರೆ ಹಲ್ಲು ಕಚ್ಚುತ್ತಿಲ್ಲ,
ಸದ್ದೇ ಇಲ್ಲವೆಂದರೆ ಫ್ಯೂಸೋ ರಿಲೇಯೋ.
ಒಂದೇ ಒಂದು ಟಕ್,
ಅದು ಬಾಗಿಲವರೆಗೆ ಬಂದು
ಒಳಗೆ ಬರಲಾಗದೆ ನಿಂತವನದು.

ಕಲಿಸಿದ್ದು ಗಂಗೊಳ್ಳಿಯ ಬಚ್ಚ ಖಾರ್ವಿ.
ಬೋಟಿನ ಇಂಜಿನ್ನಿಗೆ ಸ್ಕ್ರೂಡ್ರೈವರ್ ಊರಿ
ಹಿಡಿಗೆ ಕಿವಿ ಕೊಟ್ಟು ಕೂತನೆಂದರೆ
ಮಗಳು ಊಟಕ್ಕೆ ಕರೆದದ್ದೂ ಕೇಳದು.
"ಬಿಚ್ಚುಕೆ ಎಲ್ರಿಗೂ ಬತ್ತ್ ಮಾರಾಯ,
ಬಿಚ್ಚದೆ ಕಾಂಬುಕೆ ಕಲಿ."

ಫೋನು. ಗ್ಯಾರೇಜಿನ ಮುದೀರ್ ಶಂಸುದ್ದೀನ್:
ಹೊಸ ಬ್ಯಾಟರಿ ಹಾಕಿಬಿಡು, ಇಪ್ಪತ್ತೆಂಟು ರಿಯಾಲ್,
ನಿನಗೆ ಎರಡು.
ಸರಿ ಎಂದೆ. ಸರಿ ಎನ್ನಲು ಖರ್ಚಿಲ್ಲ.

ಮೀಟರಿನ ಕಡ್ಡಿ ಇಟ್ಟೆ: ಹನ್ನೆರಡೂವರೆ ವೋಲ್ಟು,
ಗಂಟೆಯೂ ಅಷ್ಟೇ.
ಹೆಡ್‌ಲೈಟ್ ಹಾಕಿ, ನೆರಳಿನ ಗೋಡೆಯತ್ತ ಕಣ್ಣಿಟ್ಟು ಕೀಲಿ ತಿರುವಿದೆ.
ಟಕ್ ಎಂದಾಗಲೂ ಬೆಳಕು ಮಿಟುಕಲಿಲ್ಲ.
ಬ್ಯಾಟರಿ ನಿರಪರಾಧಿ.
ಸುತ್ತಿಗೆಯ ಹಿಡಿಯಿಂದ ಸ್ಟಾರ್ಟರಿಗೆ ಎರಡು,
ಮಲಗಿದವನ ಭುಜ ತಟ್ಟಿದಂತೆ. ಟಕ್.
ಕೆಂಪು ತಂತಿಯನ್ನು ತುದಿಯಿಂದ ತುದಿಗೆ ಸವರಿದೆ. ಬಿಗಿ, ಶುಭ್ರ.

ಎಲ್ಲರೂ ನೋಡುವುದು ಕೆಂಪನ್ನೇ.
ಹೋಗುವುದು ಅದರಲ್ಲಿ.
ಹೋದದ್ದು ತಿರುಗಿ ಬರಬೇಕಲ್ಲ,
ಬರುವ ದಾರಿ ಕರಿ ತಂತಿ,
ಇಂಜಿನ್ನಿನ ಹೊಟ್ಟೆಯಡಿ, ಜಿಡ್ಡಿನ ಕತ್ತಲಲ್ಲಿ,
ಒಂದು ಬೋಲ್ಟನ್ನು ಕಟ್ಟಿಕೊಂಡು.

ರಟ್ಟು ಹಾಸಿ ಬೆನ್ನ ಮೇಲೆ ತೂರಿದೆ.
ಐಸಿನ ನೀರು ಒಂದು ಹನಿ ಹಣೆಗೆ, ಮೀನಿನ ವಾಸನೆ,
ಆದರೂ ತಂಪು.
ಬೆರಳಿಗೆ ಸಿಕ್ಕಿತು. ಹೊರಗಿನ ಪ್ಲಾಸ್ಟಿಕ್ಕು ಹೊಸದರಂತೆ,
ಹಿಚುಕಿದರೆ ಒಳಗೆ ಕರಕರ.
ಸೀಳಿದೆ: ಹಸಿರು ಹಿಟ್ಟು.
ಎಷ್ಟು ವರ್ಷದ ಉಪ್ಪುನೀರೋ, ಕಡಲಗಾಳಿಯೋ,
ಅಷ್ಟೊಂದು ಎಳೆಗಳಲ್ಲಿ ನಾಲ್ಕೋ ಐದೋ ಉಳಿದಿವೆ.
ಕಿಡಿಗೆ ಸಾಕು,
ಏಳುವುದಕ್ಕೆ ಸಾಲದು.

ನನಗೆ ಇಲ್ಲಿ ಹನ್ನೊಂದು ವರ್ಷ.
ಅದನ್ನು ಈಗ ಯಾಕೆ ಎಣಿಸಿದೆನೋ.

ಜಂಪರಿನ ಕರಿ ವೈರನ್ನು
ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ನಿನ ಮೈಗೆ ಕಚ್ಚಿಸಿ
ಕೀಲಿ ತಿರುಗಿಸಿದೆ.
ಗರ್ರ್, ಅರ್ಧ ಸುತ್ತು, ಹೊತ್ತಿಕೊಂಡಿತು!
ಕಸದ ಡಬ್ಬಿಯ ಕಡಲಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ಡಬ್ಬದಲ್ಲಿ ಯಾವುದೋ ಗುಜರಿ ಗಾಡಿಯ ನೇಯ್ದ ಪಟ್ಟಿಯಿತ್ತು.
ಬೋಲ್ಟು ಉಜ್ಜಿ, ಬಿಗಿದು, ಗ್ರೀಸು ಮೆತ್ತಿ ಮುಗಿಸುವಷ್ಟರಲ್ಲಿ
ಖಲ್ಫಾನ್ ಬಂದ, ಟೋಪಿ ಸರಿಮಾಡಿಕೊಳ್ಳುತ್ತ.
"ಬ್ಯಾಟರಿ?"
"ಅಲ್ಲ. ಎರಡು ರಿಯಾಲ್."
ನಂಬದೆ ತಾನೇ ಮೂರು ಸಲ ಆರಿಸಿ ಹಚ್ಚಿದ,
ಮೂರೂ ಸಲ ನಕ್ಕ.
ದುಡ್ಡಿನ ಜೊತೆ ಒಂದು ಅಂಜಲ್ ಎತ್ತಿಕೊಟ್ಟ.
ನಾನು ಕಿವಿರು ಬಿಡಿಸಿ ನೋಡಿದೆ. ಕೆಂಪಗಿದೆ.
ಕಣ್ಣು ತಿಳಿ.
"ನನ್ನ ಮೀನನ್ನೂ ಚೆಕ್ ಮಾಡ್ತೀಯಾ!"
ಅವನು ಮಸ್ಕತ್ತಿನ ದಾರಿ ಹಿಡಿದ.

ಮುದೀರನಿಗೆ ಏನು ಹೇಳಲಿ ಎಂದುಕೊಳ್ಳುತ್ತ
ಮೀನನ್ನು ಪೇಪರಿನಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿ ಮಲಗಿಸಿದೆ.
ನನ್ನ ಗಾಡಿಯ ಕೀಲಿ ತಿರುಗಿಸುವ ಮುಂಚೆ
ಒಂದು ಕ್ಷಣ
ಕಿವಿ ಕೊಟ್ಟೆ.